ಚಾರ್ಜಿಗೆ ಹಾಕಿದ ಹೊತ್ತು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಸೇಟು ಗೋಡೌನಿಗೆ
ಹೊಸ ಮಿಷನ್ನು ಬಂತು. ವೈರಿಲ್ಲ, ಬಾಲವಿಲ್ಲ.
ಗಿಳಿಮೂತಿಯ ಬಾಯಲ್ಲಿ ಮೂಲೆಮೂಲೆಯ ಒಂದು ಬಿಲ್ಲೆ,
ಹಿಡಿ ಅದುಮಿದರೆ ಗುಂಯ್ ಅಂತ ತಿರುಗುತ್ತೆ.
ಸೇಟು ಅಳಿಯ ಮಹಿಪಾಲ ಕಲಿಸಿಕೊಟ್ಟ:
ತಳ್ಳಬೇಡಿ, ಅದೇ ಎಳಕೊಂಡು ಹೋಗುತ್ತೆ,
ನೀವು ಸುಮ್ಮನೆ ಹಿಂದೆ ಹೋಗಿ.
ನಿಂಗಾಜಮ್ಮ ಅಂದಳು: ಮೂವತ್ತು ವರ್ಷ
ಗಂಡನ ಜೊತೆ ಅದನ್ನೇ ಮಾಡಿದೀನಿ ಕಣಪ್ಪ.

ಅದಕ್ಕೆ ಮುಂಚೆ ನಮ್ಮ ಹತ್ತಿರ ಇದ್ದದ್ದು
ಅರಕಲಗೂಡು ಸಂತೆಯ ರಾಗಿ ಕುಡುಗೋಲು,
ಹಲ್ಲು ಸವೆದು ಬೋಳಾದದ್ದು;
ಸೈಕಲ್ ಟ್ಯೂಬು ಸುತ್ತಿದ ಒಂದು ಬ್ಲೇಡು;
ಮತ್ತೆ ಆರು ಕೈ.
ಮಿಕ್ಸಿ ಡಬ್ಬ, ಕುಕ್ಕರ್ ಡಬ್ಬ, ಆಳೆತ್ತರದ ಫ್ರಿಜ್ಜಿನ ಡಬ್ಬ.
ಪಿನ್ನು ಉಗುರಸಂದಿಗೆ ಹೊಕ್ಕರೆ ಹಗಲು ಗೊತ್ತಾಗುತ್ತಿರಲಿಲ್ಲ.
ರಾತ್ರಿ ಅನ್ನಕ್ಕೆ ಸಾರು ಕಲೆಸುವಾಗ
ಖಾರ ಹೇಳೋದು, ಎಲ್ಲೆಲ್ಲಿ ಅಂತ.

ಹರಿಯುತ್ತಾ ಹರಿಯುತ್ತಾ ಮಾತು.
ಎರಡು ರಟ್ಟಿನ ನಡುವೆ ಅಲೆಅಲೆ ಕಾಗದ ಇರುತ್ತಲ್ಲ,
ಅದಿಲ್ಲದಿದ್ದರೆ ಡಬ್ಬ ನಿಲ್ಲೋದೇ ಇಲ್ಲ.
ರಿಹಾನಾಳ ನಾದಿನಿಯ ಕೂಸಿಗೆ ಹೆಸರು ಹೊಳೆದದ್ದು
ಫ್ಯಾನಿನ ಡಬ್ಬ ಮುರಿಯುವಾಗ.
ಇನ್ನು ಆ ಮನೆಗೆ ವಾಪಸ್ಸು ಹೋಗಲ್ಲ ಅಂತ
ನಾನು ಮೊದಲ ಸಲ ಬಾಯಿಬಿಟ್ಟದ್ದು
ವಾಷಿಂಗ್ ಮಿಷನ್ ಡಬ್ಬದೊಳಗೆ ನಿಂತು, ತಳದ ಟೇಪು ಕೀಳುತ್ತಾ.
ಇವರಿಬ್ಬರೂ ಹೊರಗಿದ್ದರು. ಮುಖ ಕಾಣುತ್ತಿರಲಿಲ್ಲ.
ಅದಕ್ಕೇ ಹೇಳಲಾಯಿತೇನೋ.

ಸುಳ್ಳೇಕೆ, ಮಿಷನ್ನು ಹಿಡಿದಾಗ ಖುಷಿಯಾಯಿತು.
ಹಾಸನಾಂಬೆ ಬಾಗಿಲು ತೆರೆದ ವಾರ,
ಊರಿಗೆ ಊರೇ ಕ್ಯೂ ನಿಂತು, ಹಾಗೇ ಅಂಗಡಿಗೂ ನುಗ್ಗಿ,
ಹಿತ್ತಿಲಲ್ಲಿ ಡಬ್ಬದ ಗುಡ್ಡ.
ಜವಳಿಯವನು ಪಾಪ್ಲಿನ್ ಕತ್ತರಿಸಿದ ಹಾಗೆ
ಮೂಲೆ ಹಿಡಿದು ಇಳಿಸಿದೆ, ಸರ್ರಂತ.
ಕೊಡೆಯ ಚಿತ್ರ, ಗಾಜಿನ ಲೋಟದ ಚಿತ್ರ,
ಮೇಲಕ್ಕೆ ನೋಡುವ ಎರಡು ಬಾಣ,
ಎಲ್ಲವೂ ನೆಲಕ್ಕೆ ಮಲಗಿದವು.
ಮಣಿಕಟ್ಟು ನೋಯಲಿಲ್ಲ.
ಗುಜರಿ ದಸ್ತಗೀರ್ ಸಾಬ್ರು ಹೊಗಳಿದರು:
ಹಪ್ಪಳ ಜೋಡಿಸಿದ ಹಾಗೈತಲ್ಲವ್ವಾ,
ಆಟೋದಲ್ಲಿ ಒಂದೇ ಟ್ರಿಪ್ಪಿಗೆ ಹಿಡೀತು.

ಐದಕ್ಕೆ ಮುಗಿಯುವ ಕೆಲಸ ಎರಡೂವರೆಗೆ ಮುಗಿಯಿತು.
ಟೀ ಬರುವಾಗ ನಾವು ಸುಮ್ಮನೆ ನಿಂತಿದ್ದೆವು,
ಆ ಗುಂಯ್ ಇನ್ನೂ ಕಿವಿಯಲ್ಲಿ.
ಆವತ್ತು ಯಾರ ಮನೆಯಲ್ಲಿ ಏನಾಯಿತು
ಯಾರಿಗೂ ಗೊತ್ತಾಗಲಿಲ್ಲ.
ಗಲ್ಲಾದ ಹಿಂದೆ ಸೇಟು ಮೂರು ಬೆರಳು ಎತ್ತಿ
ಎರಡನ್ನು ಮಡಚಿ ನೋಡಿದ.
ಮತ್ತೆ ಬಿಡಿಸಿದ.
ನಾನು ನೋಡಿದೆ. ಇವರಿಗೆ ಹೇಳಿಲ್ಲ.

ಬುಧವಾರ ಮಿಷನ್ನು ನಡುದಾರಿಯಲ್ಲಿ ಉಸಿರು ಕಟ್ಟಿ ನಿಂತಿತು,
ಅರ್ಧ ಕೊಯ್ದ ಡಬ್ಬದ ಹೊಟ್ಟೆಯಲ್ಲೇ.
ಬ್ಯಾಟರಿ ಬಿಚ್ಚಿ ಗೂಡಿನಲ್ಲಿಟ್ಟು ಪ್ಲಗ್ಗು ಚುಚ್ಚಿದೆ.
ಕುಡುಗೋಲು ಎಲ್ಲಿತ್ತೋ,
ನಿಂಗಾಜಮ್ಮನ ಸೊಂಟದಿಂದಲೇ ಬಂತು.
ಕೂತೆವು, ಕಾಲು ಚಾಚಿ.
ಹರಿದೆವು, ಹಳೇ ಸದ್ದು, ಪರಪರ.
ನಾಕು ಡಬ್ಬದೊಳಗೆ
ನಿಂಗಾಜಮ್ಮನ ತಂಗಿ ಮಗಳ ನಿಶ್ಚಯ ಮುರಿಯಿತು,
ಐದನೆಯದರಲ್ಲಿ ಹುಡುಗನ ಕಡೆಯವರೇ ಬಂದು ಕಾಲಿಗೆ ಬಿದ್ದರು.

ಮಹಿಪಾಲ ಬಂದ. ಇನ್ನೂ ಚಾರ್ಜ್ ಆಗಿಲ್ವಾ?
ಒಂದು ಗಂಟೆ ಆಯ್ತಲ್ಲ, ಹೊಸ ಬ್ಯಾಟರಿ?
ಮೂವರೂ ಗೋಡೆಯ ಕಡೆ ನೋಡಿದೆವು.
ಪ್ಲಗ್ಗು ಸರಿಯಾಗೇ ಇತ್ತು, ಹಾಕಿದವಳು ನಾನೇ.
ಸ್ವಿಚ್ಚಿನ ಮಾತು ಯಾರೂ ಎತ್ತಲಿಲ್ಲ.
ಹೊಸ ಸೊಸೆ ಕಣಪ್ಪ, ಅಂದಳು ನಿಂಗಾಜಮ್ಮ,
ನಿಧಾನಕ್ಕೆ ಉಣ್ಣುತ್ತೆ.

ಅವನು ಹೋದ ಮೇಲೆ ರಿಹಾನಾ ಎದ್ದು
ದುಪಟ್ಟಾ ಬಿಗಿದು ಫ್ರಿಜ್ಜಿನ ಡಬ್ಬದೊಳಗೆ ಹೋಗಿ ನಿಂತಳು.
ಟೇಪು ಕೀಳುವ ಸದ್ದು ಬರಲಿಲ್ಲ.
ನಾವೂ ಕೈ ನಿಲ್ಲಿಸಿದೆವು.